864 ಪರಮಾಣುಗಳು, ಒಂದು ದ್ರವ: ಅನೀಸುರ್ ರೆಹಮಾನ್ (ಕಂತು 6)

ಒಂದು ಹನಿ ನೀರಲ್ಲಿ ಎಷ್ಟು ಅಣುಗಳಿರುತ್ತವೆ ಗೊತ್ತಾ? 1ರ ಮುಂದೆ 21 ಸೊನ್ನೆ ಹಾಕಿ, ಅದಕ್ಕಿಂತ ಸ್ವಲ್ಪ ಜಾಸ್ತಿ. ದ್ರವದ ಒಳಗೆ ಏನು ನಡೆಯುತ್ತೆ ಅಂತ ಲೆಕ್ಕ ಹಾಕಿ ಹೇಳಬೇಕಾದವರಿಗೆ ತಲೆನೋವು ಇಲ್ಲೇ ಶುರು. ಅನಿಲದಲ್ಲಿ ಅಣುಗಳು ದೂರ ದೂರ ಇರುತ್ತವೆ, ಲೆಕ್ಕ ಸಲೀಸು. ಹರಳಿನಲ್ಲಿ ಸಾಲಾಗಿ ಜೋಡಿಸಿಟ್ಟ ಹಾಗೆ, ಅದನ್ನೂ ನಿಭಾಯಿಸಬಹುದು. ದ್ರವ ಮಾತ್ರ ಜಾತ್ರೆ. ಎಲ್ಲರೂ ಒತ್ತೊತ್ತಾಗಿ ಇದ್ದಾರೆ, ಆದರೆ ಯಾರೂ ನಿಂತಲ್ಲಿ ನಿಲ್ಲಲ್ಲ.

ಈ ಜಾತ್ರೆಯೊಳಗೆ ಇಳಿದು ನೋಡಿದವರು ಹೈದರಾಬಾದಿನವರು. ಅನೀಸುರ್ ರೆಹಮಾನ್, ಹುಟ್ಟಿದ್ದು 1927ರಲ್ಲಿ. ಕೇಂಬ್ರಿಜ್‌ನಲ್ಲಿ ಓದು, ಬೆಲ್ಜಿಯಂನ ಲೂವೆನ್‌ನಲ್ಲಿ ಪಿಎಚ್‌ಡಿ. 1960ರಿಂದ ಶಿಕಾಗೋ ಹತ್ತಿರದ ಆರ್ಗಾನ್ ನ್ಯಾಷನಲ್ ಲ್ಯಾಬೊರೇಟರಿಯಲ್ಲಿ ಕೆಲಸ. ಅವರು ಮೊದಲು ಕೈಗೆತ್ತಿಕೊಂಡ ದ್ರವವೂ ಆರ್ಗಾನ್! ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತೆ, ಆದರೆ ಸಂಬಂಧವೇ ಇಲ್ಲ. ಲ್ಯಾಬಿನದು ಒಂದು ಕಾಡಿನ ಹೆಸರು.

ಅವರಿಗಿಂತ ಮುಂಚೆ, 1957ರಲ್ಲೇ, ಬರ್ನಿ ಆಲ್ಡರ್ ಮತ್ತು ಥಾಮಸ್ ವೈನ್‌ರೈಟ್ ಕಂಪ್ಯೂಟರಿನಲ್ಲಿ ಗೋಲಿಗಳಂಥ ಕಣಗಳನ್ನು ಡಿಕ್ಕಿ ಹೊಡೆಸಿದ್ದರು. ಡಿಕ್ಕಿ ಹೊಡೆಯೋದು ಬಿಟ್ಟರೆ ಆ ಗೋಲಿಗಳ ನಡುವೆ ಬೇರೆ ಸೆಳೆತವಿಲ್ಲ. ನಿಜವಾದ ಪರಮಾಣುಗಳು ಹಾಗಲ್ಲ, ಸ್ವಲ್ಪ ದೂರದಲ್ಲಿ ಸೆಳೆಯುತ್ತವೆ, ತೀರಾ ಹತ್ತಿರ ಬಂದರೆ ತಳ್ಳುತ್ತವೆ. ರೆಹಮಾನ್ ಅದನ್ನೇ ಲೆಕ್ಕಕ್ಕೆ ತಂದರು. 864 ಪರಮಾಣು, ಮೈನಸ್ 179 ಡಿಗ್ರಿ ಆಸುಪಾಸಿನ ಚಳಿ, ಸಿಡಿಸಿ 3600 ಕಂಪ್ಯೂಟರ್. ಪ್ರತಿಯೊಂದರ ಮೇಲೂ ಅಕ್ಕಪಕ್ಕದವುಗಳ ಬಲ ಎಷ್ಟು ಅಂತ ಕೂಡಿಸು, ನ್ಯೂಟನ್ನನ ನಿಯಮದಂತೆ ಚೂರು ಸರಿಸು, ಮತ್ತೆ ಕೂಡಿಸು. ಚೂರು ಅಂದರೆ ಎಷ್ಟು? ಸೆಕೆಂಡನ್ನು ಒಂದು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಭಾಗ ಮಾಡಿದರೆ ಸಿಗುವಷ್ಟು ಹೊತ್ತು.

864 ಎಲ್ಲಿ, 21 ಸೊನ್ನೆ ಎಲ್ಲಿ? ಇಷ್ಟು ಚಿಕ್ಕ ಡಬ್ಬಿಯಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಪರಮಾಣುಗಳು ಗೋಡೆಗೇ ತಾಗಿಕೊಂಡಿರಲ್ವಾ? ಅದಕ್ಕೆ ಗೋಡೆಯನ್ನೇ ತೆಗೆದುಬಿಟ್ಟರು. ಬಲಗಡೆಯಿಂದ ಆಚೆ ಹೋದ ಪರಮಾಣು ಅದೇ ವೇಗದಲ್ಲಿ ಎಡಗಡೆಯಿಂದ ಒಳಗೆ ಬರುತ್ತೆ. ಈ ಉಪಾಯ ಅವರದೇ ಅಲ್ಲ, ಆದರೆ ಅದನ್ನು ನಂಬಿ ನಿಜವಾದ ದ್ರವದ ಎದುರು ಪಣಕ್ಕಿಟ್ಟಿದ್ದು ಅವರು. 1964ರಲ್ಲಿ ಫಿಸಿಕಲ್ ರಿವ್ಯೂ ಪತ್ರಿಕೆಯಲ್ಲಿ ಲೇಖನ ಬಂತು. ಪರಮಾಣುಗಳ ನಡುವಿನ ಅಂತರ, ಅವು ಹರಡಿಕೊಳ್ಳುವ ವೇಗ, ಎರಡೂ ಪ್ರಯೋಗದ ಅಳತೆಗೆ ಹೊಂದಿಕೊಂಡವು.

ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದು. ಮುಂದೆ ಹೊರಟ ಪರಮಾಣು ಸ್ವಲ್ಪ ಹೊತ್ತಿಗೇ ಸರಾಸರಿಯಲ್ಲಿ ಹಿಂದಕ್ಕೆ ತಿರುಗುತ್ತಿತ್ತು! ಸುತ್ತಲಿನವು ಪಂಜರದ ಹಾಗೆ ನಿಂತು ವಾಪಸ್ ತಳ್ಳುತ್ತಿದ್ದವು. ಜಾತ್ರೆಯ ನೂಕುನುಗ್ಗಲಲ್ಲಿ ಸಿಕ್ಕವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1971ರಲ್ಲಿ ಫ್ರಾಂಕ್ ಸ್ಟಿಲಿಂಜರ್ ಜೊತೆ ನೀರಿಗೇ ಕೈಹಾಕಿದರು. ಈ ಸಲ 216 ಅಣು. ದ್ರವ ನೀರೊಳಗೆ ಮಂಜುಗಡ್ಡೆಯಂಥ ತುಣುಕುಗಳಿವೆ ಅನ್ನೋ ವಾದ ಆಗ ಇತ್ತು. ಇವರಿಗೆ ಕಂಡದ್ದು ಎಳೆದಾಡಿ ಸೊಟ್ಟಗಾದ ಬಲೆ, ಮಂಜುಗಡ್ಡೆಯ ಅಚ್ಚುಕಟ್ಟು ಅದರಲ್ಲಿ ಇಲ್ಲ. 1980ರ ಹೊತ್ತಿಗೆ ಮಿಕೆಲೆ ಪರ್ರಿನೆಲ್ಲೋ ಜೊತೆ ಸೇರಿ ಡಬ್ಬಿಯ ಆಕಾರವೇ ಬದಲಾಗಲು ಬಿಟ್ಟರು. ಹಾಗಾಗಿ ಒತ್ತಡದಲ್ಲಿ ಒಂದು ಹರಳು ಇನ್ನೊಂದಾಗುವುದನ್ನೂ ನೋಡಬಹುದಾಯಿತು. ಇವತ್ತಿಗೂ ಆ ವಿಧಾನಕ್ಕೆ ಇಬ್ಬರದೂ ಹೆಸರಿದೆ.

2013ರ ರಸಾಯನಶಾಸ್ತ್ರದ ನೊಬೆಲ್ ಅಣುಗಳ ಕಂಪ್ಯೂಟರ್ ಮಾದರಿಗಳಿಗೆ ಬಂತು. ರೆಹಮಾನ್ ತೀರಿಕೊಂಡಿದ್ದು 1987ರಲ್ಲಿ, 59ನೇ ವಯಸ್ಸಿಗೆ. ಅಮೆರಿಕನ್ ಫಿಸಿಕಲ್ ಸೊಸೈಟಿ ಕಂಪ್ಯೂಟೇಷನಲ್ ಫಿಸಿಕ್ಸ್‌ಗೆ ಕೊಡುವ ಬಹುಮಾನ ಅವರ ಹೆಸರಲ್ಲೇ ಇದೆ. ನಮ್ಮ ಶಾಲೆಯ ಪಾಠಗಳಲ್ಲಿ ನಾನಂತೂ ಆ ಹೆಸರು ಕೇಳಿರಲಿಲ್ಲ, ನೀವು ಕೇಳಿದ್ರಾ?

ಮುಂದಿನ ಕಂತು: ಫರ್ಮಿ ಲೆಕ್ಕಕ್ಕೆ ಪ್ರೋಗ್ರಾಂ ಬರೆದ ಮೇರಿ ಸಿಂಗೂ.