ಹತ್ತಿಯ ಧಾರಣೆಯಿಂದ ಗೋಲಿನ ಧಾರಣೆಗೆ

ಮಲಪ್ರಭೆಯ ದಂಡೆಯ ಮನೋಳಿ ಒಂದು ಕಾಲಕ್ಕೆ ಬಣ್ಣದ ನೂಲಿನ ವ್ಯಾಪಾರಕ್ಕೆ ಹೆಸರಾಗಿದ್ದ ಊರು. ಅದರ ಸುತ್ತಲಿನ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸೀಮೆಯ ಎರಿ ಹೊಲಗಳು ಹತ್ತಿಗೆ ಹೇಳಿ ಮಾಡಿಸಿದಂಥವು. ಹತ್ತಿಯ ಬೆಲೆ ಊರಲ್ಲಿ ಮಾತ್ರ ತೀರ್ಮಾನವಾಗುವಂಥದಲ್ಲ ಎಂಬುದನ್ನು ಈ ನೆಲ ಒಂದೂವರೆ ಶತಮಾನದ ಹಿಂದೆಯೇ ಕಲಿತಿತ್ತು. ಮುಂದೆ ಬರಲಿರುವ ಬೆಲೆಯ ಮೇಲೆ ಈಗಲೇ ಮಾತು ಕೊಡುವ ವಾಯಿದಾ ವ್ಯಾಪಾರ, ಅದರ ಬೆನ್ನಿಗೇ ಹುಟ್ಟಿದ ಸಟ್ಟಾ, ಕೊನೆಗೆ ಹತ್ತಿಯ ಹೆಸರನ್ನೇ ಮರೆತ ಓಸಿ, ಮಟ್ಕಾ ಎಲ್ಲವೂ ಒಂದೇ ಎಳೆಯಲ್ಲಿ ಬಂದವು. ಇಂದು ಫುಟ್‌ಬಾಲ್ ಪಂದ್ಯದ ಮೇಲೆ ಹಣ ಕಟ್ಟುವವರ ಮುಂದೆ ಬೆಟ್ಟಿಂಗ್ ಎಕ್ಸ್‌ಚೇಂಜ್, ಭವಿಷ್ಯದ ಮಾರುಕಟ್ಟೆ ಎಂಬ ಎರಡು ದಾರಿಗಳಿವೆ. ಮೊದಲನೆಯದು ಜೂಜು, ಎರಡನೆಯದು ವ್ಯಾಪಾರ ಎಂಬ ವಾದವೂ ಜೋರಾಗಿದೆ. ಈ ವಾದವನ್ನು ತೂಗಲು ಹತ್ತಿ ಸೀಮೆಯ ಚರಿತ್ರೆಗಿಂತ ಒಳ್ಳೆಯ ತಕ್ಕಡಿ ಇಲ್ಲ.

ಮೊದಲು ಎರಡರ ನಡೆಯನ್ನು ನೋಡೋಣ. 2000ದಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಬೆಟ್‌ಫೇರ್‌ನಂಥ ಎಕ್ಸ್‌ಚೇಂಜಿನಲ್ಲಿ ಬುಕ್ಕಿ ಎದುರಾಳಿಯಲ್ಲ. ಒಂದು ತಂಡ ಗೆಲ್ಲುತ್ತದೆ ಎನ್ನುವವನಿಗೂ ಗೆಲ್ಲುವುದಿಲ್ಲ ಎನ್ನುವವನಿಗೂ ಸಂಸ್ಥೆ ಗಂಟು ಹಾಕಿ, ಗೆದ್ದವನಿಂದ ಕಮಿಷನ್ ತೆಗೆದುಕೊಳ್ಳುತ್ತದೆ. ಅಲ್ಲಿ 2.5ರ ದರ ಎಂದರೆ 100 ರೂಪಾಯಿ ಕಟ್ಟಿದವನು ಗೆದ್ದರೆ ಒಟ್ಟು 250 ರೂಪಾಯಿ ಸಿಗುತ್ತದೆ. ಭವಿಷ್ಯದ ಮಾರುಕಟ್ಟೆಯಲ್ಲಿ ಅದೇ ತಂಡದ ಗೆಲುವಿಗೆ ಒಂದು ಚೀಟಿ. ಗೆದ್ದರೆ ಅದರ ಬೆಲೆ ಒಂದು ರೂಪಾಯಿ, ಇಲ್ಲವಾದರೆ ಸೊನ್ನೆ. ಆ ಚೀಟಿ 40 ಪೈಸೆಗೆ ಮಾರಾಟವಾಗುತ್ತಿದ್ದರೆ 100 ರೂಪಾಯಿಗೆ 250 ಚೀಟಿ ಬರುತ್ತವೆ, ಗೆದ್ದರೆ ಕೈಗೆ 250 ರೂಪಾಯಿ. ಲೆಕ್ಕ ಒಂದೇ. ಪಂದ್ಯ ಮುಗಿಯುವ ಮೊದಲೇ ಕೈತೊಳೆದುಕೊಂಡು ಹೊರಬರುವ ಅವಕಾಶವೂ ಎರಡರಲ್ಲೂ ಇದೆ. ಬೇರೆಯಾಗುವುದು ಮೇಲ್ವಿಚಾರಣೆ ಮಾತ್ರ: ಬ್ರಿಟನ್ನಿನ ಎಕ್ಸ್‌ಚೇಂಜು ಜೂಜಿನ ಪರವಾನಗಿಯಡಿ ನಡೆದರೆ, ಅಮೆರಿಕದ ಕಲ್ಶಿಯಂಥ ಸಂಸ್ಥೆ ಸರಕುಗಳ ವಾಯಿದಾ ವ್ಯಾಪಾರವನ್ನು ನೋಡಿಕೊಳ್ಳುವ ಆಯೋಗದಡಿ ನಡೆಯುತ್ತದೆ. ಒಂದೇ ಪಂದ್ಯ, ಒಂದೇ ದರ. ಒಂದು ದೇಶದಲ್ಲಿ ಜೂಜು, ಇನ್ನೊಂದು ದೇಶದಲ್ಲಿ ಜೋಳ, ಗೋದಿಯ ಸಾಲಿಗೆ ಸೇರಿದ ವಹಿವಾಟು.

ಹಾಗಾದರೆ ವಾಯಿದಾ ವ್ಯಾಪಾರವೂ ಜೂಜೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ, ಕಾರಣ ಹೊಲದಲ್ಲೇ ಇದೆ. ಹಿಂಗಾರಿಗೆ ಹತ್ತಿ ಬಿತ್ತಿದ ರೈತನ ತಲೆಯ ಮೇಲೆ ಬೆಲೆ ಕುಸಿಯುವ ಭಯ ಬಿತ್ತಿದ ದಿನದಿಂದಲೇ ಕೂತಿರುತ್ತದೆ. ಅವನಿಗೆ ಮುಂಗಡ ಕೊಟ್ಟ ದಲಾಲಿ ಅಂಗಡಿಯವನಿಗೂ, ಅರಳೆ ಕೊಳ್ಳಬೇಕಾದ ಗಿರಣಿಗೂ ಅವರವರ ಭಯ. ಇಂದೇ ಬೆಲೆ ಗೊತ್ತುಮಾಡಿಕೊಂಡರೆ ಇದ್ದ ಭಯ ಹೊರಬಲ್ಲವನ ಹೆಗಲಿಗೆ ದಾಟುತ್ತದೆ. ಪಂದ್ಯದ ಪಣದಲ್ಲಿ ಮೊದಲು ಯಾವ ಭಯವೂ ಇರಲಿಲ್ಲ. ಹಣ ಕಟ್ಟಿದ ಗಳಿಗೆಯಲ್ಲಿ ಅದು ಹುಟ್ಟಿತು. ನಮ್ಮ ನ್ಯಾಯಾಲಯಗಳು ವಾಯಿದಾ ವ್ಯಾಜ್ಯಗಳಲ್ಲಿ ಹಿಂದಿನಿಂದಲೂ ಕೇಳುತ್ತ ಬಂದದ್ದು ಇದನ್ನೇ: ಸರಕು ಕೈಬದಲಾಯಿಸುವ ಉದ್ದೇಶ ಇತ್ತೋ, ಬರೀ ದರದ ವ್ಯತ್ಯಾಸದ ಹಣ ಎಣಿಸಿಕೊಳ್ಳುವ ಉದ್ದೇಶ ಎರಡೂ ಕಡೆ ಇತ್ತೋ? ಎರಡನೆಯದಾದರೆ ಅದು ಪಣ.

ಈ ಗೆರೆ ಅಳಿಸಿದಾಗ ಏನಾಗುತ್ತದೆ ಎಂಬುದಕ್ಕೆ 1865 ಸಾಕ್ಷಿ. ಅಮೆರಿಕದ ಅಂತರ್ಯುದ್ಧದಿಂದ 1861ರ ನಂತರ ಅಲ್ಲಿಯ ಹತ್ತಿ ಲಿವರ್‌ಪೂಲಿಗೆ ಹೋಗುವುದು ಬಹುತೇಕ ನಿಂತು, ಮುಂಬೈ ಪ್ರಾಂತದ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಆ ಹಣದ ಮೇಲೆ ಮುಂಬೈಯಲ್ಲಿ ಷೇರುಗಳ ಗಡುವಿನ ಕರಾರುಗಳು ಬೆಳೆದವು. ಯುದ್ಧ ಮುಗಿದು ಹತ್ತಿ ಇಳಿಯಿತು. 1865ರ ಜುಲೈ 1ರ ಗಡುವಿಗೆ ಹಣ ಕೊಡಲಾಗದೆ ದೊಡ್ಡ ದೊಡ್ಡ ಮನೆತನಗಳು ಮುಳುಗಿದವು. ಅದೇ ವರ್ಷ ಮುಂಬೈ ಪ್ರಾಂತವು ಪಣದ ಕರಾರುಗಳ ಬಗ್ಗೆ ಕಾಯ್ದೆ ತಂದು, ಪಣಕ್ಕೆ ನೆರವಾದ ಸಾಲ, ದಲಾಲಿಗಳನ್ನೂ ಕೋರ್ಟಿನಲ್ಲಿ ವಸೂಲು ಮಾಡಲಾಗದಂತೆ ಮಾಡಿತು. ರಾಮದುರ್ಗ ಆಗ ಬೇರೆ ಸಂಸ್ಥಾನ. ಮನೋಳಿ, ಸವದತ್ತಿ, ಬೈಲಹೊಂಗಲಗಳು ಈ ಕಾಯ್ದೆಯಡಿ ಬಂದವು. 1887ರ ಜೂಜು ತಡೆ ಕಾಯ್ದೆಯೂ ಇಲ್ಲಿಗೆ ಅನ್ವಯಿಸಿತು. ಮಳೆ ಎಷ್ಟು ಬೀಳುತ್ತದೆ ಎಂದು ಪಣ ಕಟ್ಟುವ ಚಟ ಮುಂಬೈಯಲ್ಲಿ ಹಬ್ಬಿದ್ದರಿಂದ 1890ರಲ್ಲಿ ಅದನ್ನೂ ಜೂಜಿನ ಪಟ್ಟಿಗೆ ಸೇರಿಸಬೇಕಾಯಿತು. ಮಳೆಯ ಪಣ ಕಟ್ಟಿದವನಿಗೆ ಬಿತ್ತುವ ಹೊಲವಿರಲಿಲ್ಲ ಎಂಬುದೇ ಇಲ್ಲಿ ಮುಖ್ಯ.

ಇಪ್ಪತ್ತನೆಯ ಶತಮಾನದ ಕತೆ ಇನ್ನೂ ಕಠೋರ. ನ್ಯೂಯಾರ್ಕಿನಿಂದ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರದ ಅಂಕಿಗಳ ಮೇಲೆ ಮುಂಬೈಯಲ್ಲಿ ಹಣ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಾಗ ಆಟ ನಿಲ್ಲಲಿಲ್ಲ. ಕಲ್ಯಾಣಜಿ ಭಗತ್, ರತನ್ ಖತ್ರಿ ಎಂಬ ಜೂಜು ನಡೆಸುವವರು ಅಂಕಿಗಳನ್ನು ತಾವೇ ಎತ್ತತೊಡಗಿದರು; ಅದೇ ಮಟ್ಕಾ. ಓಪನ್, ಕ್ಲೋಸ್ ಎಂಬ ಹತ್ತಿ ಪೇಟೆಯ ಮಾತುಗಳು ಓಸಿ ಆಗಿ ನಮ್ಮ ಊರುಗಳಿಗೂ ಬಂದವು. ಹತ್ತಿಯ ಹಂಗಿಲ್ಲದೆ ಆಟ ನಡೆಯಿತೆಂದರೆ ಅದಕ್ಕೆ ಹತ್ತಿ ಎಂದೂ ಬೇಕಿರಲಿಲ್ಲ. ಇತ್ತ 1966ರಲ್ಲಿ ಸರಕಾರ ಹತ್ತಿಯ ವಾಯಿದಾ ವ್ಯಾಪಾರವನ್ನೇ ನಿಷೇಧಿಸಿತು. ಅದು ತೆರವಾಗಲು ದಶಕಗಳ ಕಾಲ ಕಾಯಬೇಕಾಯಿತು. ರೈತನಿಗೆ, ವ್ಯಾಪಾರಿಗೆ ಆಸರೆಯಾಗಬಹುದಾದದ್ದು ಮುಚ್ಚಿತು, ಕೂಲಿಕಾರನ ದಿನದ ದುಡಿಮೆ ನುಂಗುವುದು ಉಳಿಯಿತು.

ಆಕ್ಷೇಪಗಳಿವೆ, ಅವು ಹಗುರವಲ್ಲ. ಚೀಟಿಯ ಬೆಲೆಯಲ್ಲಿ ಸಾವಿರಾರು ಜನರ ತಿಳಿವಳಿಕೆ ಒಟ್ಟಾಗಿ ಸಮಾಜಕ್ಕೆ ಮಾಹಿತಿ ಸಿಗುತ್ತದೆ ಎನ್ನುತ್ತಾರೆ. 1988ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಚುನಾವಣೆಯ ಮೇಲೆ ಸಣ್ಣ ಮೊತ್ತದ ಇಂಥ ಮಾರುಕಟ್ಟೆ ತೆರೆದದ್ದು ಈ ಉದ್ದೇಶದಿಂದಲೇ. ಚುನಾವಣೆಗೆ, ಬೆಳೆಗೆ, ರೋಗದ ಹರಡುವಿಕೆಗೆ ಈ ಮಾತು ಒಪ್ಪಬಹುದು. ಶನಿವಾರದ ಪಂದ್ಯದ ಫಲಿತಾಂಶ ಶುಕ್ರವಾರ ಗೊತ್ತಾದರೆ ಯಾವ ರೈತ, ಯಾವ ಆಸ್ಪತ್ರೆ ತನ್ನ ಕೆಲಸ ಬದಲಿಸಿಕೊಳ್ಳುತ್ತದೆ? ನಿಷೇಧಿಸಿದರೆ ಜೂಜು ಕತ್ತಲೆಗೆ ಹೋಗುತ್ತದೆ ಎಂಬ ಎರಡನೆಯ ಮಾತಿಗೆ ಓಸಿಯೇ ಆಧಾರ. ಪಣದ ಕರಾರು ಅಸಿಂಧು, ಆದರೆ ಕಾನೂನುಬಾಹಿರವಲ್ಲ ಎಂದು 1959ರಲ್ಲಿ ಸುಪ್ರೀಂ ಕೋರ್ಟು ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಹೇಳಿದ್ದೂ ನಿಜ. ಕೌಟಿಲ್ಯನ ಅರ್ಥಶಾಸ್ತ್ರವೂ ಜೂಜನ್ನು ಒಂದೇ ಕಡೆ ನಡೆಸಿ, ಗೆದ್ದವನಿಂದ ಶೇಕಡಾ 5 ಪಡೆಯಲು ಹೇಳುತ್ತದೆ. ಆದರೆ ಇವೆಲ್ಲ ಜೂಜನ್ನು ಜೂಜೆಂದು ಕರೆದೇ ಹತೋಟಿಯಲ್ಲಿಡುವ ಮಾತುಗಳು. ವ್ಯಾಪಾರವೆಂದು ಒಪ್ಪಿಕೊಳ್ಳಲು ಆಧಾರವಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು, ಕೌಶಲವೋ ಅದೃಷ್ಟವೋ ಎಂದು ನೋಡದೆ, ನಿಷೇಧಿಸಿತು. ಆ ಕಾಯ್ದೆಯ ಸರಿ ತಪ್ಪುಗಳ ಚರ್ಚೆ ನಡೆಯಲಿ. ಆದರೆ ಚರ್ಚೆ ಹಿಡಿಯಬೇಕಾದದ್ದು ಬೇರೆ ಪ್ರಶ್ನೆ: ಈ ಕರಾರಿನ ಹಿಂದೆ ಮೊದಲೇ ಯಾರದಾದರೂ ಬದುಕಿನ ಅಪಾಯ ಇತ್ತೇ? ಇದ್ದರೆ ಅದು ಮಾರುಕಟ್ಟೆ. ಅದನ್ನು ಸವದತ್ತಿ, ಬೈಲಹೊಂಗಲದ ಹತ್ತಿ ಬೆಳೆಗಾರನ ಕೈಗೆಟುಕುವಂತೆ ಮಾಡುವುದು ಸರಕಾರದ ಹೊಣೆ. ಇಲ್ಲದಿದ್ದರೆ, ದರವನ್ನು ಪೈಸೆಯಲ್ಲಿ ಬರೆದರೂ ಪಟ್ಟಿನಲ್ಲಿ ಬರೆದರೂ, ಅದು ಜೂಜು. ಫುಟ್‌ಬಾಲ್ ಪಂದ್ಯದ ಚೀಟಿ ಎರಡನೆಯ ಸಾಲಿಗೇ ಸೇರುತ್ತದೆ.