ಹೂಳೆತ್ತುವ ಸದ್ದು ಯಾರ ಕಿವಿಗೆ?

1973ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಫೋರ್ಟ್ ಎಡ್ವರ್ಡ್ ಎಂಬಲ್ಲಿ ಹಡ್ಸನ್ ನದಿಯ ಶಿಥಿಲ ಅಣೆಕಟ್ಟೊಂದನ್ನು ಕೆಡವಿದರು. ಅದರ ಬೆನ್ನಿಗೆ ದಶಕಗಳಿಂದ ಕೂತಿದ್ದ ಹೂಳು ಸಡಿಲಗೊಂಡು ಕೆಳಕ್ಕೆ ಹರಿಯಿತು. ಮೇಲ್ದಂಡೆಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕೆಪಾಸಿಟರ್ ಕಾರ್ಖಾನೆಗಳು 1940ರ ದಶಕದಿಂದ ನದಿಗೆ ಬಿಟ್ಟ ಪಿಸಿಬಿ ಎಂಬ ವಿಷ ಆ ಹೂಳಿನಲ್ಲಿತ್ತು. 1976ರಲ್ಲಿ ಅಲ್ಲಿ ಮೀನುಗಾರಿಕೆ ನಿಷೇಧವಾಯಿತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನದಿಗೆ ಒಳ್ಳೆಯದು ಮಾಡಹೊರಟ ಕೆಲಸವೂ ಕೇಡು ತರಬಹುದು, ಆದ್ದರಿಂದ ಮೊದಲೇ ಅಳೆದು ನೋಡಬೇಕು ಎಂಬ ವಿದ್ಯೆ ಇಂಥ ಪೆಟ್ಟುಗಳಿಂದಲೇ ಬೆಳೆದದ್ದು.

ಹಾಗೆ ಮೊದಲೇ ಅಳೆಯಬೇಕೆಂಬ ಕಾನೂನು ಆಗಲೇ ಇತ್ತು. ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ 1970ರ ಹೊಸ ವರ್ಷದ ದಿನ ಅಂಕಿತ ಬಿದ್ದಿತ್ತು. 1972ರಲ್ಲಿ ಶಬ್ದ ನಿಯಂತ್ರಣ ಕಾಯ್ದೆ ಬಂತು. 1974ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಮನೆಯ ಹೊರಗೆ 55, ಒಳಗೆ 45 ಡೆಸಿಬಲ್ ಮೀರದಿದ್ದರೆ ಜನರಿಗೆ ತೊಂದರೆಯಾಗದು ಎಂದು ಗುರುತಿಸಿತು. ನಿದ್ದೆಗೆಡಿಸುವ ಸದ್ದು ಹೆಚ್ಚು ಬಾಧಿಸುವುದರಿಂದ ರಾತ್ರಿಯ ಲೆಕ್ಕಕ್ಕೆ 10 ಡೆಸಿಬಲ್ ಕೂಡಿಸುವ ಪದ್ಧತಿ ಅದರಲ್ಲಿತ್ತು. 1978ರಲ್ಲಿ ಧ್ವನಿತಜ್ಞ ಥಿಯೋಡೋರ್ ಶುಲ್ಟ್ಸ್ ಹಲವು ಸಮೀಕ್ಷೆಗಳನ್ನು ಒಟ್ಟುಗೂಡಿಸಿ, ಸದ್ದು ಏರಿದಂತೆ ಎಷ್ಟು ಮಂದಿಗೆ ಕಿರಿಕಿರಿ ಏರುತ್ತದೆ ಎಂಬುದನ್ನು ಒಂದೇ ರೇಖೆಯಲ್ಲಿ ತೋರಿಸಿದರು. ಆದರೆ ಆ ರೇಖೆ ಹುಟ್ಟಿದ್ದು ವಿಮಾನ, ರಸ್ತೆ, ರೈಲುಗಳ ಸದ್ದಿನಿಂದ. ಎರಡು ಬೇಸಿಗೆ ಹೂಳೆತ್ತಿ ಹೊರಟುಹೋಗುವ ಯಂತ್ರಕ್ಕೆ ಅದು ಸರಿಹೊಂದುವ ಅಳತೆಯಲ್ಲ.

ಆ ಕೊರತೆ ತುಂಬಿದ್ದು ಮತ್ತೆ ಹಡ್ಸನ್ ನದಿಯೇ. ಹೂಳೆತ್ತುವ ತೀರ್ಮಾನ 2002ರಲ್ಲಾಯಿತು. ಹಗಲು ರಾತ್ರಿ ನಡೆಯಲಿದ್ದ ಕೆಲಸ. ದಂಡೆಯ ಮೇಲೆ ಮನೆಗಳು. ಜನರ ಅಹವಾಲು ಕೇಳಿದ ಅದೇ ಪರಿಸರ ಸಂರಕ್ಷಣಾ ಸಂಸ್ಥೆ 2004ರಲ್ಲಿ ಗಾಳಿ, ವಾಸನೆ, ಸದ್ದು, ಬೆಳಕು, ದೋಣಿ ಸಂಚಾರ ಈ ಐದಕ್ಕೂ ‘ಜೀವನ ಗುಣಮಟ್ಟ’ದ ಮಾನದಂಡ ಬರೆಯಿತು. ಮನೆಗಳ ಬಳಿ ಸದ್ದಿನ ಗಂಟೆಯ ಸರಾಸರಿ ಹಗಲು 75 ಡೆಸಿಬಲ್ ದಾಟಿದರೆ ಎಚ್ಚರಿಕೆ, 80 ದಾಟಿದರೆ ಉಲ್ಲಂಘನೆ. ರಾತ್ರಿಯ ಮಿತಿ 65. ಅಂಕಿಗಳು ಉದಾರವಾಗಿಯೇ ಇವೆ. ಹೊಸತನವಿದ್ದದ್ದು ಎರಡು ಮೆಟ್ಟಿಲಿನ ಏರ್ಪಾಟಿನಲ್ಲಿ: ಮಿತಿ ಮುರಿಯುವ ಮೊದಲೇ ಯಾರು ಏನು ಮಾಡಬೇಕು ಎಂಬುದು ಕಾಗದದ ಮೇಲಿತ್ತು.

ಸುರಕ್ಷತೆಗೂ ಅದೇ ಕ್ರಮ. ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 500 ನ್ಯಾನೊಗ್ರಾಂ ಪಿಸಿಬಿಯನ್ನು ಹೊಳೆಗೂ ಗೆರೆಯಾಗಿ ಎಳೆದರು. ನದಿಯ ನೀರನ್ನೇ ನಂಬಿದ್ದ ಹಾಫ್‌ಮೂನ್, ವಾಟರ್‌ಫರ್ಡ್ ಊರುಗಳಿಗೆ ಟ್ರಾಯ್ ನಗರದಿಂದ ಬೇರೆ ನೀರು ಕೊಡಿಸಿದರು. 2009ರಲ್ಲಿ ಕೆಲಸ ಶುರುವಾಗಿ, ಆಗಸ್ಟ್‌ನಲ್ಲಿ ಆ ಗೆರೆ ದಾಟಿದಾಗ ಯಂತ್ರಗಳನ್ನು ಕೆಲಕಾಲ ನಿಲ್ಲಿಸಿದರು. 2010ರಲ್ಲಿ ಹೊರಗಿನ ತಜ್ಞರು ಪರಿಶೀಲಿಸಿದ ಬಳಿಕವೇ 2011ರಲ್ಲಿ ಎರಡನೇ ಹಂತ. 2015ರ ಹೊತ್ತಿಗೆ ಸುಮಾರು 20 ಲಕ್ಷ ಘನ ಮೀಟರ್ ಹೂಳು ಮೇಲೆ ಬಂದಿತ್ತು.

ಇದೇ ಅವಧಿಯಲ್ಲಿ ಅಳತೆಗೋಲು ನೀರಿನೊಳಕ್ಕೂ ಇಳಿಯಿತು. ನದಿತಳಕ್ಕೆ ಕಂಬ ಜಡಿಯುವ ಹೊಡೆತ ಮೀನಿನ ಗಾಳಿಚೀಲವನ್ನೇ ಒಡೆಯಬಲ್ಲದು. 2008ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಇಲಾಖೆಗಳು ಅದಕ್ಕೆ 206 ಡೆಸಿಬಲ್‌ನ ಗರಿಷ್ಠ ಮಿತಿ ಒಪ್ಪಿಕೊಂಡವು. ನೀರಿನ ಡೆಸಿಬಲ್‌ನ ಸೊನ್ನೆಯೇ ಬೇರೆಯಾದ್ದರಿಂದ ಇದನ್ನು ಗಾಳಿಯ ಅಂಕಿಯೊಡನೆ ಹೋಲಿಸುವಂತಿಲ್ಲ. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರವರೆಗೆ ಹಂತಹಂತವಾಗಿ ತೆಗೆದರು. ಮೀನು ಏರಿಬರುವ ವಾರಗಳಲ್ಲಿ ಕೆಲಸಕ್ಕೆ ಬಿಡುವು. ಕೆಳಗಿನ ಊರಿಗೆ ನೀರು ಶುದ್ಧೀಕರಣ ವ್ಯವಸ್ಥೆ ಕಟ್ಟಿದ ಮೇಲೆಯೇ ಅಣೆಕಟ್ಟಿಗೆ ಕೈ ಹಾಕಿದ್ದರು. ಫೋರ್ಟ್ ಎಡ್ವರ್ಡ್‌ನ ಪಾಠ ಇಲ್ಲಿ ಫಲಿಸಿತು.

ಕೆಲಸ ಮುಗಿದರೂ ಅಪಾಯ ಮುಗಿಯುವುದಿಲ್ಲ, ಜಾಗ ಬದಲಿಸುತ್ತದೆ. ಮೀನಿನ ನೆಲೆಗೆಂದು ಹೊಳೆಯಲ್ಲಿ ಹೂತ ಮರದ ದಿಮ್ಮಿ ದೋಣಿಯವರಿಗೆ ಬಲೆಯಾಗಬಹುದು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮೇಲ್ಸೇತುವೆ ಕೆಡವಿ 2005ರಲ್ಲಿ ತೆರೆದ 5.8 ಕಿಲೋಮೀಟರ್ ಉದ್ದದ ಚಾಂಗ್‌ಗ್ಯೆಚಾನ್ ಹೊಳೆಯಲ್ಲಿ, ಜೋರು ಮಳೆ ಬಂದರೆ ನಡೆದಾಡುವವರನ್ನು ಮೇಲೆ ಕಳಿಸಿ ದಾರಿ ಮುಚ್ಚಬೇಕಾಗುತ್ತದೆ. ಸದ್ದಿನ ವಿಚಾರದಲ್ಲೂ ಇಂಥ ಹೊಳೆಗಳು ಹೊಸ ಪ್ರಶ್ನೆ ಎತ್ತಿವೆ. ಧುಮುಕುವ ನೀರು ಡೆಸಿಬಲ್ ಏರಿಸುತ್ತದೆ, ಆದರೆ ವಾಹನಗಳ ಗದ್ದಲವನ್ನು ಮರೆಸಿ ಮನಸ್ಸಿಗೆ ಹಿತವನ್ನೂ ಕೊಡುತ್ತದೆ. ಕೆನಡಾದ ಸಂಗೀತ ಸಂಯೋಜಕ ಮರ್ರಿ ಶೇಫರ್ 1970ರ ದಶಕದಲ್ಲಿ ಬೆಳೆಸಿದ ‘ಧ್ವನಿ ಪರಿಸರ’ದ ಚಿಂತನೆ 2014ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ನೆಲೆಯಾಯಿತು. ಮೀಟರಿನ ಜೊತೆಗೆ ಕೇಳುವವರನ್ನೂ ಕೇಳಬೇಕು ಎಂಬುದು ಅದರ ಸಾರ.

ನಮ್ಮಲ್ಲಿ? 2006ರ ಪರಿಸರ ಪರಿಣಾಮ ಅಧಿಸೂಚನೆಯ ಮೊದಲ ನಮೂನೆ ಸದ್ದು–ಕಂಪನವನ್ನೂ ಅಪಘಾತದ ಸಾಧ್ಯತೆಯನ್ನೂ ಬೇರೆಬೇರೆಯಾಗಿ ಕೇಳುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಹಡ್ಸನ್‌ಗಿಂತ ಎಷ್ಟೋ ಬಿಗಿ. ಆದರೆ ಇಲ್ಲಿ ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10, ಸರಾಸರಿ ಹಂಚಿಹೋಗುವುದು 16 ಗಂಟೆಗೆ. ರಾಜಕಾಲುವೆಯ ಹಳೆಯ ಗೋಡೆ ಒಡೆಯುವ ಯಂತ್ರ ಒಂದು ಗಂಟೆ 67 ಡೆಸಿಬಲ್ ಸದ್ದು ಮಾಡಿ ಉಳಿದ ಹೊತ್ತೆಲ್ಲ ನಿಶ್ಶಬ್ದವಾಗಿದ್ದರೆ, ದಿನದ ಲೆಕ್ಕದಲ್ಲಿ ಅದು 55 ಮಾತ್ರ. ಕಾಗದದಲ್ಲಿ ತಪ್ಪೇ ಇಲ್ಲ. ಆ ಒಂದು ಗಂಟೆ ಪಕ್ಕದ ಮನೆಯಲ್ಲಿ ತೊಟ್ಟಿಲು ತೂಗುತ್ತಿದ್ದ ತಾಯಿಗೆ ಸರಾಸರಿಯಿಂದ ಉಪಯೋಗವಿಲ್ಲ. ಅವಳಿಗೆ ಬೇಕಾದದ್ದು ಗಂಟೆಯ ಲೆಕ್ಕ, ಮತ್ತು ಮಿತಿ ದಾಟಿದ ಗಳಿಗೆಯಲ್ಲಿ ಯಂತ್ರ ನಿಲ್ಲಿಸುವ ಹೊಣೆ ಹೊತ್ತ ಒಬ್ಬ ಮನುಷ್ಯ.