ಮೂಗಿನ ದುರ್ಮಾಂಸ, ಕರುಳಿನ ಗಂಟು: ನಾಗಣಸೂರ ಸೀಮೆಯಲ್ಲಿ ಪಾಲಿಪ್ ಸಂಶೋಧನೆ ಹೇಗಿರಬೇಕು?

ಸೊಲ್ಲಾಪುರದಿಂದ ಕಲಬುರಗಿಗೆ ಹೋಗುವ ರೈಲು ಹಾದಿಯಲ್ಲಿ ಅಕ್ಕಲಕೋಟ ರೋಡ್ ದಾಟಿದ ಮೇಲೆ, ದುಧನಿಗಿಂತ ಮೊದಲು, ನಾಗಣಸೂರ ನಿಲ್ದಾಣ ಸಿಗುತ್ತದೆ. ಆಡಳಿತ ಮಹಾರಾಷ್ಟ್ರದ್ದು, ಮನೆಮಾತು ಬಹುಪಾಲು ಕನ್ನಡ. ಇಲ್ಲಿನವರು ದೊಡ್ಡ ಕಾಯಿಲೆಯಾದರೆ ಒಂದೋ ಸೊಲ್ಲಾಪುರದ ರೈಲು ಹಿಡಿಯಬೇಕು, ಇಲ್ಲವೇ ಕಲಬುರಗಿಯದು. ಮೂಗಿನ ದುರ್ಮಾಂಸದಂಥ, ತೆಗೆದರೂ ಮತ್ತೆ ಬೆಳೆಯುವ ರೋಗದಲ್ಲಿ ಮೊದಲ ಶಸ್ತ್ರಕ್ರಿಯೆ ಒಂದು ರಾಜ್ಯದಲ್ಲೂ ಎರಡನೆಯದು ಇನ್ನೊಂದು ರಾಜ್ಯದಲ್ಲೂ ಆಗಿಬಿಟ್ಟರೆ, ಎರಡೂ ಆಸ್ಪತ್ರೆಗಳ ಕಡತದಲ್ಲಿ ಆ ರೋಗಿ ಹೊಸಬನೇ. ಮರುಕಳಿಕೆಯ ಲೆಕ್ಕ ಅಲ್ಲಿಗೆ ಕೆಟ್ಟಿತು.

ಮೂಗಿನ ಪಾಲಿಪ್ (ದುರ್ಮಾಂಸ) ಮತ್ತು ದೊಡ್ಡ ಕರುಳಿನ ಪಾಲಿಪ್‌ಗಳ ರೋಗನಿರ್ಣಯ, ಚಿಕಿತ್ಸೆಗಳ ಕುರಿತು ಕಳೆದ ಐವತ್ತು ವರ್ಷಗಳಲ್ಲಿ ಬಂದಿರುವ ಪ್ರಮುಖ ಸಾಕ್ಷ್ಯಗಳನ್ನು ಈ ಸೀಮೆಯ ಹವೆ, ಊಟ, ಭಾಷೆಗಳ ಎದುರು ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಬೇರೆಡೆ ಸಿದ್ಧವಾದ ತಪಾಸಣಾ ಕ್ರಮವನ್ನು ಇಲ್ಲಿ ಇದ್ದ ಹಾಗೆ ಜಾರಿ ಮಾಡುವುದು ತಪ್ಪು, ಯಾರನ್ನು ಪರೀಕ್ಷಿಸಬೇಕು ಎಂಬುದೇ ಇಲ್ಲಿ ಮೊದಲ ಪ್ರಶ್ನೆಯಾಗಬೇಕು ಎಂಬುದು ನನ್ನ ವಾದ.

ಎರಡು ಬೇರೆ ರೋಗಗಳು

ಸುಶ್ರುತ ಸಂಹಿತೆ ಅರ್ಶಸ್ಸನ್ನು (ಮಾಂಸದ ಮೊಳಕೆಯನ್ನು) ಗುದದಲ್ಲೂ ಹೇಳುತ್ತದೆ, ಮೂಗಿನಲ್ಲೂ ಹೇಳುತ್ತದೆ. ಎರಡಕ್ಕೂ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ಒಂದೇ ಚಿಕಿತ್ಸಾಕ್ರಮ. ಹೊರಗಿನ ಆಕಾರವನ್ನೇ ಆಧಾರ ಮಾಡಿಕೊಂಡ ಆ ವಿಂಗಡಣೆಯನ್ನು ಸೂಕ್ಷ್ಮದರ್ಶಕ ಮುರಿಯಿತು. ಮೂಗಿನ ಎರಡೂ ಹೊಳ್ಳೆಗಳಲ್ಲಿ ಸುಲಿದ ದ್ರಾಕ್ಷಿಯಂತೆ ಮಸುಕಾಗಿ ತೂಗುವ ಪಾಲಿಪ್ ಉರಿಯೂತದ ಫಲ. ಅದು ಕ್ಯಾನ್ಸರ್ ಆಗುವುದಿಲ್ಲ. ಕರುಳಿನ ಅಡಿನೋಮಾ ಎಂಬ ಪಾಲಿಪ್ ಹೊಸ ಬೆಳವಣಿಗೆ. ವರ್ಷಗಳ ಮೇಲೆ ಅದರಲ್ಲಿ ಕೆಲವು ಕ್ಯಾನ್ಸರ್‌ಗೆ ತಿರುಗುತ್ತವೆ. ಈ ಸರಣಿಯನ್ನು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮುಟೊ, ಬಸ್ಸಿ, ಮಾರ್ಸನ್ 1975ರಲ್ಲಿ ವಿವರಿಸಿದರು. ಅದರ ಹಿಂದಿನ ಜೀನ್ ಬದಲಾವಣೆಗಳನ್ನು ವೋಗಲ್‌ಸ್ಟೈನ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಹೀಗಾಗಿ ಮೂಗಿನ ಪಾಲಿಪ್ ಅಧ್ಯಯನದಲ್ಲಿ ಅಳೆಯಬೇಕಾದ್ದು ರೋಗಿಯ ಉಸಿರು, ವಾಸನೆ, ನಿದ್ದೆ. ಕರುಳಿನದರಲ್ಲಿ ಅಳೆಯಬೇಕಾದ್ದು ಮುಂದೆ ತಪ್ಪಿದ ಸಾವು.

ಮೂಗು

ಈ ಕಡೆ ಮೂಗು ಕಟ್ಟಿದವರು ವೈದ್ಯರೆದುರು ಕೂತು ಮೊದಲು ಹೇಳುವ ಮಾತು "ಮೂಗಿನ ಎಲುವು ಬೆಳದದ" ಎಂದು. ಮರಾಠಿಯಲ್ಲೂ ಇದೇ ಮಾತು ಬಳಕೆಯಲ್ಲಿದೆ. ನಡುಗೋಡೆ ಡೊಂಕಾಗಿರುವುದು, ಅಲರ್ಜಿ, ದುರ್ಮಾಂಸ ಎಲ್ಲವೂ ಈ ಒಂದೇ ದೂರಿನಲ್ಲಿ ಅಡಗಿರುತ್ತವೆ. ಬೇರ್ಪಡಿಸಲು ಎಂಡೋಸ್ಕೋಪ್ ಬೇಕು. ರೋಗ ಎಷ್ಟು ಹಬ್ಬಿದೆ ಎಂದು ತಿಳಿಯಲು ಸಿ.ಟಿ. ಬೇಕು. ಸಿ.ಟಿ.ಯ ಲುಂಡ್–ಮೆಕೆ ಅಂಕ 0ರಿಂದ 24ರವರೆಗೆ ಇರುತ್ತದೆ, ಆದರೆ ಆ ಅಂಕಕ್ಕೂ ರೋಗಿಯ ಸಂಕಟಕ್ಕೂ ಹೊಂದಾಣಿಕೆ ಕಡಿಮೆ. ಸಂಕಟವನ್ನು ಅಳೆಯಲು ಸ್ನಾಟ್–22 ಎಂಬ ಪ್ರಶ್ನಾವಳಿ ಇದೆ: 22 ಪ್ರಶ್ನೆ, ಪ್ರತಿಯೊಂದಕ್ಕೆ 0ರಿಂದ 5, ಒಟ್ಟು 110. ಸುಮಾರು 9 ಅಂಕ ಇಳಿದರೆ ರೋಗಿಗೆ ನಿಜಕ್ಕೂ ಹಗುರಾಗಿದೆ ಎಂದು ಲೆಕ್ಕ. ಅದೇ ಪ್ರಶ್ನೆಯನ್ನು ನರ್ಸ್ ಮರಾಠಿಯಲ್ಲಿ ಓದಿ, ಜೊತೆಗೆ ಬಂದ ಮಗ ಅಲ್ಲೇ ಕನ್ನಡಕ್ಕೆ ತಿರುಗಿಸಿ, ತಾಯಿ "ಹಂಗ ಏನಿಲ್ಲ" ಎಂದುಬಿಟ್ಟರೆ ಎರಡು ಮೂರು ಪ್ರಶ್ನೆಗಳಲ್ಲೇ ಆ 9 ಅಂಕ ಅತ್ತಿತ್ತ ಆಗುತ್ತವೆ. ಔಷಧದ ಗುಣವೆಂದು ನಾವು ಬರೆದುಕೊಳ್ಳುವುದು ಎಷ್ಟೋ ಸಲ ಅನುವಾದದ ಗುಣವಾಗಿರಬಹುದು.

ಚಿಕಿತ್ಸೆಯ ಕ್ರಮದ ಬಗ್ಗೆ ದೊಡ್ಡ ತಕರಾರಿಲ್ಲ. ಉಪ್ಪುನೀರಿನಿಂದ ಮೂಗು ತೊಳೆಯುವುದು, ಸ್ಟೀರಾಯ್ಡ್ ಸ್ಪ್ರೇ, ಬೇಕಾದರೆ ಕೆಲವು ದಿನದ ಸ್ಟೀರಾಯ್ಡ್ ಮಾತ್ರೆ, ಇವುಗಳಿಗೆ ಜಗ್ಗದಿದ್ದರೆ ಎಂಡೋಸ್ಕೋಪಿ ಶಸ್ತ್ರಕ್ರಿಯೆ. ದಮ್ಮು ಇರುವವರನ್ನು ನೋವಿನ ಗುಳಿಗೆ ನುಂಗಿದಾಗ ಉಸಿರು ಕಟ್ಟುತ್ತದೆಯೇ ಎಂದು ಕೇಳಲೇಬೇಕು. ಪಾಲಿಪ್, ದಮ್ಮು, ಆಸ್ಪಿರಿನ್ ಒಗ್ಗದಿರುವುದು ಈ ಮೂರೂ ಕೂಡಿದವರಲ್ಲಿ ರೋಗ ಹಠಮಾರಿ. ಡ್ಯುಪಿಲುಮ್ಯಾಬ್ ಚುಚ್ಚುಮದ್ದನ್ನು 724 ರೋಗಿಗಳ ಮೇಲೆ ಪರೀಕ್ಷಿಸಿದ ಎರಡು ಪ್ರಯೋಗಗಳು 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದವು. ಫಲಿತಾಂಶ ಒಳ್ಳೆಯದೇ. ಆದರೆ ಮದ್ದು ನಿಲ್ಲಿಸಿದ ಮೇಲೆ ಲಾಭ ಕರಗುತ್ತದೆ, ಎರಡು ವಾರಕ್ಕೊಂದು ಸೂಜಿಯ ಬೆಲೆ ಒಣಬೇಸಾಯದ ಮನೆಗೆ ಎಟುಕುವಂಥದ್ದಲ್ಲ.

ಇದಕ್ಕಿಂತ ಈ ನೆಲಕ್ಕೆ ಹತ್ತಿರದ ವಿಷಯ ಇನ್ನೊಂದಿದೆ. ಒಂದೇ ಹೊಳ್ಳೆಯಲ್ಲಿ, ಮುಟ್ಟಿದರೆ ರಕ್ತ ಬರುವ, ಮೈಮೇಲೆ ಬಿಳಿ ಚುಕ್ಕೆಗಳಿರುವ ಕೆಂಪು ಗಂಟು ಕಂಡರೆ ಅದು ರೈನೋಸ್ಪೊರಿಡಿಯೋಸಿಸ್ ಇರಬಹುದು. ಅರ್ಜೆಂಟೀನಾದಲ್ಲಿ ಸೀಬರ್ 1900ರಲ್ಲಿ ಇದನ್ನು ವರ್ಣಿಸಿದ. ಮೂರು ವರ್ಷದಲ್ಲೇ ಕಲ್ಕತ್ತೆಯಿಂದ ಓ'ಕಿನೀಲಿಯ ವರದಿ ಬಂತು. ನಂತರದ ಬಹುಪಾಲು ರೋಗಿಗಳು ಭಾರತ ಮತ್ತು ಶ್ರೀಲಂಕೆಯವರೇ. ಕೆರೆ ಹೊಂಡಗಳಲ್ಲಿ ಈಜುವವರು, ನದಿಯ ಮರಳು ತೆಗೆಯುವವರು ಇದಕ್ಕೆ ಹೆಚ್ಚು ಗುರಿ ಎಂದು ವೈದ್ಯಕೀಯ ಸಾಹಿತ್ಯ ಬಹಳ ಹಿಂದೆಯೇ ಗುರುತಿಸಿದೆ. ಮರಳಿನ ಕಣ ಮೂಗಿನೊಳಗೆ ಗೀರಿದ ಜಾಗದಲ್ಲಿ ಸೋಂಕು ಹೊಗುತ್ತದೆ ಎಂಬ ಊಹೆಯಿದೆ. ಬಹುಕಾಲ ಶಿಲೀಂಧ್ರವೆಂದು ತಿಳಿದಿದ್ದ ಈ ಜೀವಿ ಬೇರೆಯೇ ಗುಂಪಿನದೆಂದು 1999ರ ಹೊತ್ತಿಗೆ ಜೀನ್ ಪರೀಕ್ಷೆ ಹೇಳಿತು. ಸ್ಟೀರಾಯ್ಡ್ ಸ್ಪ್ರೇ ಇದಕ್ಕೆ ನಾಟುವುದಿಲ್ಲ. ಗಂಟನ್ನು ಬುಡಸಹಿತ ಕಿತ್ತು ಆ ಜಾಗವನ್ನು ಸುಡಬೇಕು. ಭೀಮಾ, ಸೀನಾ, ಬೋರಿ ನದಿಗಳ ಈ ಜಿಲ್ಲೆಯಲ್ಲಿ "ಯಾವ ನೀರಿನಲ್ಲಿ ಇಳಿಯುತ್ತೀರಿ, ಏನು ಕೆಲಸ ಮಾಡುತ್ತೀರಿ" ಎಂಬ ಪ್ರಶ್ನೆ ಪಾಲಿಪ್ ನಮೂನೆಯಲ್ಲಿ ಇರಲೇಬೇಕು. ಒಂದೇ ಬದಿಯ ಗಂಟಿನಲ್ಲಿ ಕ್ಯಾನ್ಸರ್ ಕೂಡ ಅಡಗಿರಬಹುದಾದ್ದರಿಂದ ತೆಗೆದ ಪ್ರತಿ ಚೂರೂ ಬಯಾಪ್ಸಿಗೆ ಹೋಗಬೇಕು.

ಕರುಳು

ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನ (1993) ಕೊಲೊನೋಸ್ಕೋಪಿಯಲ್ಲಿ ಅಡಿನೋಮಾ ತೆಗೆಸಿಕೊಂಡವರಲ್ಲಿ ಕ್ಯಾನ್ಸರ್ ಅಪೇಕ್ಷಿತ ಪ್ರಮಾಣಕ್ಕಿಂತ 76ರಿಂದ 90 ಶೇಕಡಾ ಕಡಿಮೆಯಾಯಿತೆಂದು ತೋರಿಸಿತು. 2012ರ ಮುಂದುವರಿಕೆಯಲ್ಲಿ ಸಾವು 53 ಶೇಕಡಾ ಇಳಿದಿತ್ತು. 2022ರ ನಾರ್ಡಿಕ್ ಪ್ರಯೋಗ ಉತ್ಸಾಹವನ್ನು ಸ್ವಲ್ಪ ತಣಿಸಿತು: ಕೊಲೊನೋಸ್ಕೋಪಿಗೆ ಕರೆ ಹೋದವರಲ್ಲಿ ಕರುಳಿನ ಕ್ಯಾನ್ಸರ್‌ನ ಹತ್ತು ವರ್ಷದ ಅಪಾಯ 0.98 ಶೇಕಡಾ, ಕರೆ ಹೋಗದವರದು 1.20. ಕರೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರೀಕ್ಷೆಗೆ ಬಂದೇ ಇರಲಿಲ್ಲ ಎಂಬುದನ್ನೂ ಗಮನಿಸಬೇಕು.

ಈ ಅಂಕಿಗಳನ್ನು ನಮ್ಮ ಸೀಮೆಗೆ ತರುವ ಮುನ್ನ ಬಾರ್ಶಿಯನ್ನು ನೆನೆಯಬೇಕು. ಇದೇ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ ಹಳ್ಳಿಗಳು ಅದರ ವ್ಯಾಪ್ತಿ. ದೊಡ್ಡ ಕರುಳಿನ ಕ್ಯಾನ್ಸರ್ ಅಲ್ಲಿ ಅಪರೂಪ. ಅಪರೂಪದ ರೋಗಕ್ಕೆ ಸಾಮೂಹಿಕ ತಪಾಸಣೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಫಿಟ್ ಪರೀಕ್ಷೆ 100 ಕ್ಯಾನ್ಸರ್‌ಗಳಲ್ಲಿ 79 ಹಿಡಿಯುತ್ತದೆ, ರೋಗವಿಲ್ಲದ 100 ಜನರಲ್ಲಿ 6 ಮಂದಿಗೆ ಸುಳ್ಳು ಗಂಟೆ ಬಾರಿಸುತ್ತದೆ ಎಂದು 19 ಅಧ್ಯಯನಗಳ 2014ರ ಒಟ್ಟು ವಿಶ್ಲೇಷಣೆ ಹೇಳುತ್ತದೆ. ಹತ್ತು ಸಾವಿರ ಜನರಲ್ಲಿ 50 ಮಂದಿಗೆ ಕ್ಯಾನ್ಸರ್ ಇದೆಯೆಂದು ಹಿಡಿದರೆ, ಒಂದನ್ನು ಪತ್ತೆ ಮಾಡಲು ಸುಮಾರು 16 ಕೊಲೊನೋಸ್ಕೋಪಿ ಸಾಕು. 10 ಮಂದಿಗೆ ಮಾತ್ರ ಇದ್ದರೆ ಒಂದಕ್ಕೆ 77 ಬೇಕು. ಅಷ್ಟು ಎಂಡೋಸ್ಕೋಪ್, ಅಷ್ಟು ತಜ್ಞರು ತಾಲ್ಲೂಕು ಮಟ್ಟದಲ್ಲಿ ಎಲ್ಲಿಂದ ಬರಬೇಕು? 2016ರ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠಗಳಿಗೆ ಸೀಮಿತವಾಗಿ ಕರುಳನ್ನು ಬಿಟ್ಟದ್ದು ಈ ದೃಷ್ಟಿಯಿಂದ ಸರಿಯಾದ ನಿರ್ಧಾರವೇ.

ಬಿಸಿಲಿನ ಮಾತು ಬೇರೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ಬೇಸಿಗೆಯಲ್ಲಿ ಫಿಟ್ ಪಾಸಿಟಿವ್ ಬರುವ ಸಂಭವ ಚಳಿಗಾಲಕ್ಕಿಂತ 17 ಶೇಕಡಾ ಕಡಿಮೆ ಎಂದು 2010ರಲ್ಲಿ ವರದಿಯಾಯಿತು. ಶಾಖಕ್ಕೆ ಹಿಮೋಗ್ಲೋಬಿನ್ ಕೆಡುವುದೇ ಕಾರಣ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರದಲ್ಲಿ ನಾಗಣಸೂರದ ಮಲದ ಮಾದರಿ ಬಸ್ಸಿನಲ್ಲಿ ಯಾರದೋ ಚೀಲದಲ್ಲಿ ಬಂದರೆ, ನೆಗೆಟಿವ್ ಎಂಬ ಉತ್ತರಕ್ಕೆ ಬೆಲೆಯಿಲ್ಲ.

ಹಾಗಾದರೆ ಪರೀಕ್ಷಿಸಬೇಕಾದವರು ಯಾರು? ಮಲದ ಜೊತೆ ರಕ್ತ ಹೋಗುವವರು. ಇದನ್ನು ಇಲ್ಲಿ ಮೂಲವ್ಯಾಧಿ ಎಂದೇ ಎಲ್ಲರೂ ಕರೆಯುತ್ತಾರೆ. ಹೆಚ್ಚಿನವರಲ್ಲಿ ಅದು ನಿಜವೂ ಹೌದು, ಆದರೆ ನಾಟಿ ಔಷಧದಲ್ಲಿ ವರ್ಷ ಕಳೆದ ಮೇಲೆ ಗುದನಾಳದಲ್ಲಿ ಗಡ್ಡೆ ಸಿಕ್ಕರೆ ಆ ವರ್ಷ ಮರಳಿ ಬರುವುದಿಲ್ಲ. ನಲವತ್ತು ದಾಟಿದವರಲ್ಲಿ ಹೊಸದಾಗಿ ರಕ್ತ, ಕಾರಣ ತಿಳಿಯದ ರಕ್ತಹೀನತೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್: ಇವರಿಗೆ ಬೆರಳಿನ ಪರೀಕ್ಷೆಯಿಂದ ಶುರುಮಾಡಿ ಕೊಲೊನೋಸ್ಕೋಪಿವರೆಗೆ ಹೋಗಬೇಕು. ಮಕ್ಕಳ ವಿಷಯ ಪೂರ್ತಿ ಬೇರೆ. ಚಂಡೀಗಢದ ಪಿಜಿಐ ಸಂಸ್ಥೆ 236 ಮಕ್ಕಳ ಕರುಳಿನ ಪಾಲಿಪ್‌ಗಳ ಬಗ್ಗೆ 1998ರಲ್ಲಿ ವರದಿ ಮಾಡಿತು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜುವೆನೈಲ್ ಪಾಲಿಪ್‌ಗಳು. ಒಂಟಿಯಾಗಿದ್ದರೆ ತಂತಿ ಕುಣಿಕೆ ಹಾಕಿ ತೆಗೆದರೆ ಮುಗಿಯಿತು, ಕ್ಯಾನ್ಸರ್ ಎಂದು ತಂದೆತಾಯಿಯನ್ನು ಹೆದರಿಸಬೇಕಿಲ್ಲ.

ಕೊಲೊನೋಸ್ಕೋಪಿಯ ಗುಣಮಟ್ಟವನ್ನು ಅಡಿನೋಮಾ ಪತ್ತೆದರದಿಂದ ಅಳೆಯುತ್ತಾರೆ: ಈ ದರ 1 ಶೇಕಡಾ ಏರಿದರೆ ಮುಂದಿನ ಕ್ಯಾನ್ಸರ್ ಅಪಾಯ 3 ಶೇಕಡಾ ಇಳಿಯುತ್ತದೆಂದು 2014ರ ಅಮೆರಿಕದ ಅಧ್ಯಯನ. ಅಲ್ಲಿ 2015ರಲ್ಲಿ ನಿಗದಿಯಾಗಿದ್ದ 25 ಶೇಕಡಾ ಗುರಿಯನ್ನು ಅಡಿನೋಮಾವೇ ಕಡಿಮೆ ಇರುವ ಇಲ್ಲಿನ ವೈದ್ಯರ ಮೇಲೆ ಹೇರುವುದು ಅನ್ಯಾಯ. ಕರುಳು ಎಷ್ಟು ಸ್ವಚ್ಛವಾಗಿತ್ತು, ಹಿಂದೆ ಸರಿಯುತ್ತ ಆರು ನಿಮಿಷ ನೋಡಿದರೇ ಎಂಬುದನ್ನು ದಾಖಲಿಸುವುದು ಇಲ್ಲಿ ಹೆಚ್ಚು ಉಪಯುಕ್ತ. ಸ್ವಚ್ಛತೆ ಅಡಿಗೆಮನೆಯಿಂದ ಶುರುವಾಗುತ್ತದೆ. "ಬೀಜವಿರುವ ಆಹಾರ ಬೇಡ" ಎಂಬ ಅಚ್ಚಿನ ಚೀಟಿ ಕೊಟ್ಟರೆ ಜೋಳದ ರೊಟ್ಟಿಯ ಮನೆಯವರು ಟೊಮೆಟೊ ಬಿಡುತ್ತಾರೆ. ರೊಟ್ಟಿಯ ಮೇಲಿನ ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಅವರ ಲೆಕ್ಕಕ್ಕೆ ಬರುವುದಿಲ್ಲ. ಗುರೆಳ್ಳಿನ ಕಪ್ಪು ಸಿಪ್ಪೆ ಕರುಳಿನ ಗೋಡೆಗೆ ಅಂಟಿ, ಎಂಡೋಸ್ಕೋಪಿನ ಹೀರುನಳಿಗೆಯಲ್ಲೂ ಸಿಕ್ಕಿಕೊಳ್ಳುತ್ತದೆ. "ಮೂರು ದಿನ ಹಿಂಡಿ, ಪುಂಡಿಪಲ್ಯ, ರೊಟ್ಟಿ ಬೇಡ, ಬಿಳಿ ಅನ್ನ, ಮಜ್ಜಿಗೆ ಸಾಕು" ಎಂದು ಬರೆದರೆ ಚೀಟಿ ಕೆಲಸ ಮಾಡುತ್ತದೆ.

ಒಪ್ಪಿಗೆಯ ಭಾಷೆ

ಈ ಸೀಮೆಯಲ್ಲಿ ದೊಡ್ಡ ಸಂಶೋಧನೆ ಅಸಾಧ್ಯ ಎನ್ನುವವರಿಗೆ ಪಕ್ಕದ ಉಸ್ಮಾನಾಬಾದ್ (ಈಗ ಧಾರಾಶಿವ) ಉತ್ತರ. ಅಲ್ಲಿ 1999ರಿಂದ ಹಳ್ಳಿಗಳ 52 ಗುಂಪುಗಳ 1,31,746 ಹೆಂಗಸರ ಮೇಲೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಪ್ರಯೋಗ ನಡೆಯಿತು. ಒಂದೇ ಒಂದು ಎಚ್‌ಪಿವಿ ಪರೀಕ್ಷೆ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿದ್ದು 2009ರಲ್ಲಿ ಪ್ರಕಟವಾಗಿ ಜಗತ್ತಿನ ತಪಾಸಣಾ ನೀತಿಯನ್ನೇ ಬದಲಿಸಿತು. ಹೋಲಿಕೆಯ ಗುಂಪಿಗೆ ಯಾವ ತಪಾಸಣೆಯನ್ನೂ ಕೊಡಲಿಲ್ಲವೆಂಬ ನೈತಿಕ ಟೀಕೆಯೂ ಅದಕ್ಕೆ ಬಂತು, ಆ ಟೀಕೆ ನ್ಯಾಯವಾದುದೇ. ಹಳ್ಳಿ ಮಟ್ಟದ ಪ್ರಯೋಗ ಸಾಧ್ಯ. ಒಪ್ಪಿಗೆ ಕೊಡುವವರಿಗೆ ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆಂಬುದು ತಿಳಿದಿರಬೇಕು, ಅಷ್ಟೇ.

ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಒಪ್ಪಿಗೆ ಪತ್ರ ಭಾಗಿಯ ಭಾಷೆಯಲ್ಲೇ ಇರಬೇಕೆನ್ನುತ್ತದೆ. ಅಕ್ಕಲಕೋಟ ತಾಲ್ಲೂಕಿನಲ್ಲಿ ಕನ್ನಡ ಶಾಲೆಗಳಲ್ಲಿ ಓದಿದ ತಲೆಮಾರುಗಳಿವೆ. ಅವರ ಎದುರು ಮರಾಠಿ ಪತ್ರ ಇಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ಒಪ್ಪಿಗೆ ಎನ್ನಲಾಗದು. ಸೊಲ್ಲಾಪುರ, ಕಲಬುರಗಿ, ವಿಜಯಪುರಗಳ ವೈದ್ಯಕೀಯ ಕಾಲೇಜುಗಳ ನೈತಿಕ ಸಮಿತಿಗಳಲ್ಲಿ ನನ್ನ ವಿನಂತಿ ಇಷ್ಟು: ಪಾಲಿಪ್ ಅಧ್ಯಯನದ ಅರ್ಜಿ ಬಂದಾಗ ಈ ಸೀಮೆಯ ಕನ್ನಡದಲ್ಲಿ ಪರೀಕ್ಷಿಸಿದ ಪ್ರಶ್ನಾವಳಿ ಮತ್ತು ಒಪ್ಪಿಗೆ ಪತ್ರ, ರೋಗಿಯ ಊರು ಹಾಗೂ ಹಿಂದಿನ ಶಸ್ತ್ರಕ್ರಿಯೆ ಯಾವ ರಾಜ್ಯದಲ್ಲಾಯಿತೆಂಬ ಎರಡು ಅಂಕಣ, ಬೇಸಿಗೆಯಲ್ಲಿ ಮಾದರಿ ಸಾಗಿಸುವ ವ್ಯವಸ್ಥೆ, ಇವು ಇಲ್ಲದಿದ್ದರೆ ಅರ್ಜಿಯನ್ನು ತಿದ್ದಲು ಹಿಂದಕ್ಕೆ ಕಳಿಸಿ.